ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಬಿಡುವಿನಲ್ಲಿ ಒಂಟಿಯಾಗುವ ಮಗುವಿಗೆ ನೆರವಾಗುವ ಬಗೆ

ಗಣಿತ ಬಾರದ ಮಗುವಿಗೆ ಕೂಡುವುದು, ಕಳೆಯುವುದು, ದಶಕ ತರುವುದು ಎಂದು ಒಂದೊಂದೇ ಹೆಜ್ಜೆ ಹೇಳಿಕೊಡುತ್ತೇವೆ. ಆಗಲೇ ಶುರುವಾದ ಆಟದೊಳಗೆ ಸೇರಿಕೊಳ್ಳಲು ಬಾರದ ಮಗುವಿಗೆ ಮಾತ್ರ ‘ಹೋಗು, ಅವರ ಜೊತೆ ಆಡ್ಕೋ ಹೋಗು’ ಅಂದು ಸುಮ್ಮನಾಗುತ್ತೇವೆ. ಹೇಗೆ ಹೋಗಬೇಕು ಅನ್ನುವುದೇ ಅದಕ್ಕೆ ಗೊತ್ತಿರುವುದಿಲ್ಲ. ಇದೂ ಹೇಳಿಕೊಟ್ಟರೆ ಬರುವ ವಿದ್ಯೆ. ಇದಕ್ಕೂ ಹೆಜ್ಜೆಗಳಿವೆ, ಮಾಮೂಲಾಗಿ ಆಗುವ ತಪ್ಪುಗಳಿವೆ. ಒಂದರಿಂದ ಏಳನೇ ತರಗತಿಯ ಮಕ್ಕಳ ಅಪ್ಪ-ಅಮ್ಮಂದಿರಿಗೆ ಮತ್ತು ಬಿಡುವಿನ ವೇಳೆ ಡ್ಯೂಟಿ ಮಾಡುವ ಶಿಕ್ಷಕರಿಗೆ ಬೇಕಾದದ್ದನ್ನು ಇಲ್ಲಿ ಬರೆದಿದ್ದೇವೆ.

ಶುರುವಿಗೇ ಒಂದು ಕೋರಿಕೆ: ‘ಆಟಕ್ಕೆ ಸೇರಿಸ್ಕೊಳ್ಲಿಲ್ಲ ಅಂತ ಯಾರಾದ್ರೂ ಅಳ್ತಾರಾ?’ ಅನ್ನಬೇಡಿ. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ತಮ್ಮತಮ್ಮಲ್ಲೇ ಎಸೆದುಕೊಂಡು ಮೂರನೆಯವರಿಗೆ ಚೆಂಡು ಕೊಡುವುದನ್ನೇ ಬಿಡುತ್ತಾರೆ. ಮೈಗೆ ನೋವಾದಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೋ, ಆಗ ಆ ಮೂರನೆಯವರಲ್ಲೂ ಅದೇ ಭಾಗ ಚುರುಕಾಗಿತ್ತು. ಅವರು ದೊಡ್ಡವರು, ಎದುರಿನ ಆಟಗಾರರ ಮುಖವನ್ನೂ ಕಂಡವರಲ್ಲ. ದಿನಾ ಪಕ್ಕದಲ್ಲೇ ಕೂರುವ ಗೆಳತಿ ಕೈಬಿಟ್ಟಾಗ ಎಂಟು ವರ್ಷದ ಹುಡುಗಿಗೆ ಆಗುವ ನೋವನ್ನು ಸಣ್ಣದು ಅನ್ನಲು ನಮಗೆ ಹಕ್ಕಿಲ್ಲ.

ಯಾವ ಬಗೆಯ ಒಂಟಿತನ?

ಗೋಡೆಗೊರಗಿ ನಿಂತ ಮಕ್ಕಳೆಲ್ಲ ದುಃಖದಲ್ಲಿರುವುದಿಲ್ಲ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಸಣ್ಣ ಮಕ್ಕಳ ಆಟವನ್ನು ಬಗೆಬಗೆಯಾಗಿ ವಿಂಗಡಿಸಿದಾಗ, ಬೇರೆಯವರ ಆಟವನ್ನು ನೋಡುತ್ತಾ ನಿಲ್ಲುವುದನ್ನೂ ಅದರಲ್ಲಿ ಸೇರಿಸಿದ್ದರು. ಎಲ್‌ಕೆಜಿ, ಯುಕೆಜಿ ಮಗು ನೋಡುತ್ತಾ ನಿಂತಿದ್ದರೆ ಅದು ಕಲಿಯುತ್ತಿರಬಹುದು. ಇರುವೆ ಸಾಲು ನೋಡುತ್ತಲೋ ಪುಸ್ತಕ ಓದುತ್ತಲೋ ಖುಷಿಯಾಗಿ ಒಬ್ಬಂಟಿಯಾಗಿರುವ ಮಗುವನ್ನು ಎಳೆದು ತಂದು ಗುಂಪಿಗೆ ನೂಕುವುದು ಅದಕ್ಕೆ ಹಿಂಸೆ. ವ್ಯತ್ಯಾಸ ಕಣ್ಣಲ್ಲಿದೆ. ಒಂಟಿತನ ಬೇಕಾದ ಮಗು ತನ್ನ ಕೆಲಸ ನೋಡುತ್ತಿರುತ್ತದೆ, ಒಂಟಿಯಾದ ಮಗು ಗುಂಪನ್ನೇ ನೋಡುತ್ತಿರುತ್ತದೆ.

ಒಂಟಿಯಾದ ಮಕ್ಕಳಲ್ಲೂ ಬಗೆಗಳಿವೆ. ಒಂದು ಬಗೆಯವರು ಯಾರ ಕಣ್ಣಿಗೂ ಬೀಳದ ಮಕ್ಕಳು. ಅವರನ್ನು ಯಾರೂ ದ್ವೇಷಿಸುವುದಿಲ್ಲ, ಹೆಸರು ಕೇಳಿದರೆ ‘ಹಾಂ, ಅವಳೂ ಇದಾಳೆ’ ಅನ್ನುತ್ತಾರೆ. ಇವರಿಗೆ ಒಂದು ಜೊತೆ, ಒಂದು ಆಟ ಸಿಕ್ಕರೆ ಸಾಕು, ಬಹುಪಾಲು ತಾವೇ ಅರಳುತ್ತಾರೆ. ಇನ್ನೊಂದು ಬಗೆಯವರನ್ನು ಮಕ್ಕಳು ಬಾಯಿಬಿಟ್ಟೇ ಬೇಡ ಅನ್ನುತ್ತಾರೆ. ಇವರು ಔಟಾದರೆ ಒಪ್ಪುವುದಿಲ್ಲ, ತಳ್ಳುತ್ತಾರೆ, ನಡುವೆ ನಿಯಮ ಬದಲಿಸುತ್ತಾರೆ. ಇಲ್ಲವೇ, ಯಾವ ತಪ್ಪನ್ನೂ ಮಾಡದೆ ಭಾಷೆಗೋ ಬಟ್ಟೆಗೋ ಜಾತಿಗೋ ದೂರ ಇಡಲ್ಪಟ್ಟಿರುತ್ತಾರೆ. ಮಕ್ಕಳ ಒಡನಾಟದ ಅಧ್ಯಯನದಲ್ಲಿ ಈ ಎರಡು ಗುಂಪುಗಳನ್ನು 1982ರಿಂದಲೂ ಬೇರೆಬೇರೆಯಾಗಿಯೇ ನೋಡುತ್ತಾರೆ, ಯಾಕೆಂದರೆ ಒಬ್ಬರ ಮದ್ದು ಇನ್ನೊಬ್ಬರಿಗೆ ಹತ್ತುವುದಿಲ್ಲ. ಬೇಡ ಅನಿಸಿಕೊಂಡ ಮಗುವಿಗೆ ‘ಧೈರ್ಯವಾಗಿ ಹೋಗಿ ಕೇಳು’ ಅಂದರೆ ಅದು ಇನ್ನೊಂದು ‘ಬೇಡ’ ಕೇಳಿಸಿಕೊಂಡು ಬರುತ್ತದೆ. ಅದಕ್ಕೆ ಮೊದಲು ಸೋಲನ್ನು ನುಂಗುವುದು ಬರಬೇಕು. ಜಾತಿಗೋ ಭಾಷೆಗೋ ದೂರ ಇಟ್ಟಿದ್ದರೆ ಬದಲಾಗಬೇಕಾದದ್ದು ಮಗುವಲ್ಲ, ತರಗತಿ.

ಮೂರನೆಯದು ‘ಟೂ’ ಬಿಟ್ಟದ್ದು. ಮೂವರು ಗೆಳತಿಯರಲ್ಲಿ ಇಬ್ಬರು ಒಂದಾಗಿ ಮೂರನೆಯವಳು ಹೊರಗೆ ಬೀಳುವುದು ಮೂರನೇ, ನಾಲ್ಕನೇ ತರಗತಿಯಲ್ಲಿ ದಿನನಿತ್ಯದ ಸಂಗತಿ. ಮೂರ್ನಾಲ್ಕು ದಿನದಲ್ಲಿ ‘ಸೇ’ ಆಗುತ್ತದೆ. ಎರಡು ವಾರ ದಾಟಿದರೆ ಮಾತ್ರ ಕೈ ಹಾಕಿ.

ಗೇಟಿನ ಹತ್ತಿರ ಕೇಳಬೇಡಿ

ಶಾಲೆ ಬಿಟ್ಟ ಕೂಡಲೇ ‘ಇವತ್ತು ಯಾರ ಜೊತೆ ಆಡಿದೆ?’ ಅಂತ ದಿನಾ ಕೇಳಿದರೆ ಮಗು ಎರಡೇ ದಿನದಲ್ಲಿ ಸುಳ್ಳು ಹೆಸರು ಹೇಳಲು ಕಲಿಯುತ್ತದೆ. ಅಮ್ಮನ ಮುಖ ಬಾಡುವುದನ್ನು ನೋಡಲು ಅದಕ್ಕೆ ಇಷ್ಟವಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಏನಾದರೂ ತಿಂದಮೇಲೆ, ಸೊಪ್ಪು ಬಿಡಿಸುವಾಗಲೋ ಸ್ಕೂಟರಿನ ಹಿಂದೆ ಕೂತಾಗಲೋ ಮಾತು ತೆಗೆಯಿರಿ. ಎದುರುಬದುರು ಕೂತರೆ ಬಾರದ ಮಾತು ಅಕ್ಕಪಕ್ಕ ಕೂತರೆ ಬರುತ್ತದೆ.

ಕಾಗದ, ಪೆನ್ಸಿಲ್ ಕೊಟ್ಟು ‘ನಿಮ್ಮ ಸ್ಕೂಲ್ ಗ್ರೌಂಡ್ ಬರಿ, ಊಟ ಆದ್ಮೇಲೆ ಯಾರ್ಯಾರು ಎಲ್ಲೆಲ್ಲಿ ಇರ್ತಾರೆ ಹೇಳು’ ಅನ್ನುವುದು ಇನ್ನೂ ಒಳ್ಳೆಯದು. ನಲ್ಲಿ, ಮೆಟ್ಟಿಲು, ಹೊಂಗೆ ಮರ, ಟಾಯ್ಲೆಟ್ಟಿನ ಹಿಂಬದಿ ಎಲ್ಲ ಬರುತ್ತದೆ. ಕೊನೆಯಲ್ಲಿ ‘ನೀನು ಎಲ್ಲಿರ್ತೀಯ?’ ಅಂತ ಕೇಳಿ. ಮಗು ತನ್ನನ್ನು ತರಗತಿಯ ಬಾಗಿಲಲ್ಲೋ ಆಯಾ ಪಕ್ಕದಲ್ಲೋ ಬರೆದುಕೊಂಡರೆ ಅರ್ಧ ವಿಷಯ ತಿಳಿದಂತೆ. ಯಾವ ಜಾಗಕ್ಕೆ ಹೋಗಲು ಹೆದರಿಕೆ ಅನ್ನುವುದೂ ಅದರಲ್ಲೇ ಸಿಗುತ್ತದೆ.

ಇದರ ಜೊತೆಗೆ ಯಾರೂ ಯೋಚಿಸದ ಒಂದು ವಿಷಯ ನೋಡಿ: ಮಗು ಮೈದಾನಕ್ಕೆ ಎಷ್ಟು ಹೊತ್ತಿಗೆ ತಲುಪುತ್ತದೆ? ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ತಂಡಗಳು ಬಲುಬೇಗ ಆಗಿಬಿಡುತ್ತವೆ. ಮೂರು ಡಬ್ಬಿ, ಬಿಗಿ ಮುಚ್ಚಳ, ಆರಿ ಗಟ್ಟಿಯಾದ ಚಪಾತಿ ಹಿಡಿದು ಕೂತ ಮಗು ಇಪ್ಪತ್ತನೇ ನಿಮಿಷಕ್ಕೆ ಬಂದರೆ ಅದಕ್ಕೆ ಜಾಗ ಇರುವುದಿಲ್ಲ. ‘ನನ್ನ ಯಾರೂ ಸೇರಿಸ್ಕೊಳ್ಳಲ್ಲ’ ಅನ್ನುವ ಎಷ್ಟೋ ದೂರುಗಳ ಬುಡ ಇಲ್ಲೇ ಇರುತ್ತದೆ. ಒಂದೇ ಡಬ್ಬಿ ಕಟ್ಟಿ, ಮಗು ಒಂದೇ ಕೈಯಲ್ಲಿ ತೆಗೆಯಬಲ್ಲ ಮುಚ್ಚಳ ಇರಲಿ, ಹನ್ನೆರಡು ನಿಮಿಷದಲ್ಲಿ ಮುಗಿಯುವಷ್ಟೇ ಊಟ ಇರಲಿ. ಮನೆಯಲ್ಲಿ ಒಂದು ಭಾನುವಾರ ಗಡಿಯಾರ ಇಟ್ಟು ನೋಡಿ. ಅವಲಕ್ಕಿ, ಚಿತ್ರಾನ್ನ, ತುಪ್ಪ ಸವರಿ ಸುತ್ತಿದ ಚಪಾತಿ ಬೇಗ ಮುಗಿಯುತ್ತವೆ. ಪಲ್ಯವನ್ನು ಬೇರೆ ಕೊಟ್ಟರೆ ನಿಧಾನ. ಲೇಸ್ ಕಟ್ಟಲು ಬಾರದ ಮಗುವಿಗೆ, ಶಾಲೆ ಒಪ್ಪಿದರೆ, ಅಂಟುಪಟ್ಟಿಯ ಶೂ ಕೊಡಿಸಿ. ಸ್ಕರ್ಟಿನ ಸಂಕೋಚದಿಂದ ಓಡದ ಹುಡುಗಿಗೆ ಒಳಗೊಂದು ಚಡ್ಡಿ ಹಾಕಿ ಕಳಿಸಿ.

ಸೇರಿಕೊಳ್ಳುವ ಹೆಜ್ಜೆಗಳು

‘ನಾನೂ ಬರ್ಲಾ?’ ಅನ್ನುವುದು ಎಲ್ಲರೂ ಮಗುವಿಗೆ ಹೇಳಿಕೊಡುವ ವಾಕ್ಯ. ಕೇಳಲು ಸಭ್ಯವಾಗಿದೆ, ಆದರೆ ಕೆಲಸ ಮಾಡುವುದು ಕಡಿಮೆ. ಆಟದ ಬಿಸಿಯಲ್ಲಿರುವ ಮಕ್ಕಳಿಗೆ ಅದು ಅಡ್ಡಿ. ‘ಇಲ್ಲ’ ಅನ್ನುವುದು ಅವರಿಗೆ ಅತಿ ಸುಲಭದ ಉತ್ತರ. ಎಲ್ಲರಿಗೂ ಬೇಕಾದ ಮಕ್ಕಳನ್ನು ಗಮನಿಸಿದರೆ ಅವರು ಹೀಗೆ ಕೇಳುವುದೇ ಅಪರೂಪ. ಅವರು ನೋಡುತ್ತಾರೆ, ಆಟಕ್ಕೆ ಒದಗುತ್ತಾರೆ, ಆಮೇಲೆ ಜಾಗ ಹಿಡಿಯುತ್ತಾರೆ. ಅದನ್ನೇ ಬಿಡಿಸಿ ಕಲಿಸಬೇಕು.

ಮೊದಲು ನೋಡುವುದು. ಐದಾರು ಅಡಿ ದೂರದಲ್ಲಿ, ಓಡುವವರ ದಾರಿ ಬಿಟ್ಟು ನಿಂತು ಒಂದು ಸುತ್ತು ಪೂರ್ತಿ ನೋಡಬೇಕು. ಏನು ಆಟ, ಯಾವ ಕಡೆ ಒಬ್ಬರು ಕಮ್ಮಿ, ಆಟ ಎಲ್ಲಿ ನಿಲ್ಲುತ್ತದೆ ಎಂಬ ಮೂರನ್ನು ಮಾತ್ರ ಗಮನಿಸಲು ಹೇಳಿ. ಒಂದು ಸುತ್ತು ಸಾಕು. ಎರಡು, ಮೂರು ಸುತ್ತು ನಿಂತರೆ ಮಕ್ಕಳ ಕಣ್ಣಲ್ಲಿ ಅವನು ‘ನೋಡೋಕೆ ನಿಂತವನು’ ಆಗಿಬಿಡುತ್ತಾನೆ.

ಆಮೇಲೆ ಒದಗುವುದು. ಚೆಂಡು ಹೊರಗೆ ಹೋದರೆ ಓಡಿಹೋಗಿ ತಂದು ಬೌಲರ್ ಕೈಗೆ ಸರಿಯಾಗಿ ಎಸೆಯುವುದು, ಅಳಿಸಿದ ಗೆರೆಗೆ ಮತ್ತೆ ಚಾಕ್‌ಪೀಸ್ ಹಾಕುವುದು, ಕಣ್ಣಾಮುಚ್ಚಾಲೆಯಲ್ಲಿ ಎಣಿಸುವವನ ಜೊತೆ ದನಿಗೂಡಿಸುವುದು. ಬಾಯಿ ಬಿಟ್ಟರೆ ಆ ಆಟದ ಮಾತನ್ನೇ ಆಡಬೇಕು: ‘ಸೂಪರ್ ಕ್ಯಾಚು!’, ‘ಹಿಂದೆ ಬಂದ, ಓಡು!’ ‘ನಮ್ಮನೇಲಿ ಇದಕ್ಕಿಂತ ದೊಡ್ಡ ಬ್ಯಾಟ್ ಇದೆ’ ಅಂದರೆ ಅಲ್ಲಿಗೆ ಮುಗಿಯಿತು.

ಕೊನೆಗೆ, ಆಟ ನಿಂತ ಕ್ಷಣದಲ್ಲಿ ಜಾಗ ಹಿಡಿಯುವುದು. ಒಬ್ಬ ಔಟಾಗಿ ಇನ್ನೊಬ್ಬ ಬರುವ ನಡುವೆ, ‘ಈ ಸೈಡ್ ಒಬ್ರು ಕಮ್ಮಿ ಇದಾರೆ, ನಾನು ಆ ಮರದ ಹತ್ರ ನಿಂತ್ಕೊಳ್ತೀನಿ’ ಅಂದು ಹೋಗಿ ನಿಲ್ಲುವುದು. ಇದು ಪ್ರಶ್ನೆಯಲ್ಲ, ಕೆಲಸ ಒಪ್ಪಿಕೊಂಡ ಮಾತು. ಬೇಡ ಅನ್ನಲು ಅವರು ಯೋಚಿಸಬೇಕಾಗುತ್ತದೆ.

ಆದರೂ ‘ಇಲ್ಲ’ ಬರುತ್ತದೆ. ಎಲ್ಲರ ಅಚ್ಚುಮೆಚ್ಚಿನ ಮಗುವಿಗೂ ಬರುತ್ತದೆ, ಇದನ್ನು ಮಗುವಿಗೆ ಮೊದಲೇ ಹೇಳಿರಬೇಕು. ಆಗ ಹೇಳಬೇಕಾದದ್ದು ‘ಸರಿ, ನೆಕ್ಸ್ಟ್ ಆಟಕ್ಕೆ’, ಅಷ್ಟೆ. ಹೇಳಿ ಎರಡನೇ ಜಾಗಕ್ಕೆ ಹೋಗಬೇಕು. ಬೆಳಿಗ್ಗೆ ಮನೆ ಬಿಡುವಾಗಲೇ ಮೂರು ಜಾಗ ಗೊತ್ತು ಮಾಡಿಕೊಂಡಿರಲಿ: ಮೊದಲು ಲಾಕ್ ಅಂಡ್ ಕೀ ಆಡುವವರು, ಅಲ್ಲಿ ಆಗದಿದ್ದರೆ ಕುಂಟೆಬಿಲ್ಲೆ, ಅಲ್ಲೂ ಆಗದಿದ್ದರೆ ಹೊಂಗೆ ಮರದ ಕೆಳಗೆ ಕೂರುವ ಆ ಹುಡುಗಿ. ಮೂರನೆಯದು ಇಡೀ ಗುಂಪಲ್ಲ, ಒಬ್ಬರೇ ಆಗಿರಲಿ. ಇನ್ನೊಂದು ಒಂಟಿ ಮಗುವಾದರೆ ಇನ್ನೂ ಚೆನ್ನ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಅಭ್ಯಾಸ ಮಾಡಿಸಿ. ಅಜ್ಜಿ, ತಾತ, ಅಣ್ಣ ಚೆಂಡಾಟ ಆಡುತ್ತಿರಲಿ, ಮಗು ಬಂದು ಸೇರಲಿ. ಎರಡು ಸಲ ಸೇರಿಸಿಕೊಳ್ಳಿ, ಮೂರನೇ ಸಲ ‘ಇಲ್ಲಪ್ಪ, ಆಗಲ್ಲ’ ಅನ್ನಿ. ‘ಸರಿ, ನೆಕ್ಸ್ಟ್ ಆಟಕ್ಕೆ’ ಅನ್ನುವ ಮಾತು ನಾಲಿಗೆಗೆ ಹತ್ತಬೇಕಾದರೆ ಈ ಮೂರನೇ ಸಲ ಬೇಕೇ ಬೇಕು. ಆಮೇಲೆ ಪಾತ್ರ ಅದಲುಬದಲು: ಅಜ್ಜಿ ಸೇರಲು ಬರಲಿ, ಮಗು ನಿರ್ಧರಿಸಲಿ. ಅಜ್ಜಿ ಬೇಕಂತಲೇ ನಡುವೆ ನುಗ್ಗಿ ‘ನಾನೇ ಫಸ್ಟು’ ಅಂದರೆ ಮಗುವಿಗೇ ಸಿಟ್ಟು ಬರುತ್ತದೆ. ತಾನು ಏನು ತಪ್ಪು ಮಾಡುತ್ತಿದ್ದೆ ಅನ್ನುವುದನ್ನು ಅದಕ್ಕೆ ಬೈದು ತಿಳಿಸಬೇಕಾಗಿಲ್ಲ.

ಸೇರಿಕೊಂಡ ಮೊದಲ ಮೂರು ದಿನಕ್ಕೆ ಕಟ್ಟುನಿಟ್ಟಿನ ನಿಯಮ: ಬ್ಯಾಟಿಂಗ್ ಕೇಳುವಂತಿಲ್ಲ, ಔಟ್ ಅಂದರೆ ವಾದವಿಲ್ಲ, ನಿಯಮ ತಿದ್ದುವಂತಿಲ್ಲ. ಅನ್ಯಾಯ ಅನಿಸಬಹುದು, ಆದರೆ ಹೊಸಬರು ಬಂದು ಆಟ ಕೆಡಿಸುತ್ತಾರೆ ಅನ್ನುವ ಹೆದರಿಕೆಯೇ ಮಕ್ಕಳು ಬಾಗಿಲು ಮುಚ್ಚುವುದಕ್ಕೆ ದೊಡ್ಡ ಕಾರಣ. ಚಾಕೊಲೇಟ್ ಹಂಚಿ ಒಳಗೆ ಹೋಗುವುದನ್ನಂತೂ ಮೊದಲ ದಿನವೇ ನಿಲ್ಲಿಸಿ. ಚಾಕೊಲೇಟ್ ಮುಗಿದ ದಿನ ಗೆಳೆತನವೂ ಮುಗಿಯುತ್ತದೆ, ಆಮೇಲೆ ಕೇಳಿ ವಸೂಲಿ ಮಾಡುವವರೂ ಹುಟ್ಟಿಕೊಳ್ಳುತ್ತಾರೆ.

ಯಾವ ಆಟ?

ಆಟದಲ್ಲೇ ಮುಚ್ಚಿದ ಆಟ, ತೆರೆದ ಆಟ ಎಂದಿದೆ. ರಾಜ-ರಾಣಿ-ಕಳ್ಳ-ಪೊಲೀಸ್ ಚೀಟಿಯಾಟಕ್ಕೆ ನಾಲ್ಕೇ ಜನ, ಐದನೆಯವರು ಹೊರಗೇ. ಎಕ್ಸಾಮ್ ಪ್ಯಾಡನ್ನು ಬ್ಯಾಟು ಮಾಡಿ, ಕಾಗದದ ಉಂಡೆಗೆ ರಬ್ಬರ್ ಬ್ಯಾಂಡ್ ಸುತ್ತಿ ಆಡುವ ಕ್ರಿಕೆಟ್ಟಿನಲ್ಲಿ ಪ್ಯಾಡ್ ತಂದವನದೇ ಕಾನೂನು. ಮುಟ್ಟಾಟ, ಲಾಕ್ ಅಂಡ್ ಕೀ, ಕೆರೆ-ದಡ ಇವಕ್ಕೆ ಎಷ್ಟು ಜನ ಬಂದರೂ ಸೈ, ನಡುವೆ ಬಂದರೂ ಸೈ. ಉದ್ದ ಹಗ್ಗದ ಆಟ ಇನ್ನೂ ಒಳ್ಳೆಯದು. ಹದಿಮೂರು, ಹದಿನಾಲ್ಕು ಅಡಿಯ ಹತ್ತಿ ಹಗ್ಗ, ಇಬ್ಬರು ತಿರುಗಿಸಬೇಕು, ಉಳಿದವರು ಜಿಗಿಯಬೇಕು. ತಿರುಗಿಸುವವರಿಗೆ ಕೈ ನೋಯುತ್ತಿರುತ್ತದೆ. ‘ಕೊಡು, ನಾನು ತಿರುಗಿಸ್ತೀನಿ’ ಅಂದವರನ್ನು ಬೇಡ ಅನ್ನುವವರೇ ಇಲ್ಲ. ನಾಚಿಕೆಯ ಮಗುವಿಗೆ ಇದಕ್ಕಿಂತ ಸುಲಭದ ಬಾಗಿಲು ಸಿಗುವುದು ಕಷ್ಟ.

ಸಣ್ಣ ಅಂಗಳಕ್ಕೂ ಹೊಂದುವ ಆಟ ಲಗೋರಿ, ಮತ್ತು ಅದರಲ್ಲಿ ಎಲ್ಲ ಬಗೆಯ ಮಕ್ಕಳಿಗೂ ಕೆಲಸವಿದೆ. ಏಳು ಚಪ್ಪಟೆ ಕಲ್ಲು ಬೇಕು. ಒಡೆದ ಗ್ರಾನೈಟ್, ಕಡಪ ಕಲ್ಲಿನ ಚೂರುಗಳು ಸಾಕು. ಎಲ್ಲಕ್ಕಿಂತ ದೊಡ್ಡದು ದೊಡ್ಡವರ ಅಂಗೈಯಷ್ಟು, ಚಿಕ್ಕದು ಒಂದೂವರೆ ಅಂಗುಲ. ಅಂಚನ್ನು ಸಿಮೆಂಟ್ ನೆಲಕ್ಕೆ ಉಜ್ಜಿ ಮೊಂಡು ಮಾಡಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಕಿಟಕಿ ಗಾಜಿನ ಭಯವಿದ್ದರೆ ಟೆನಿಸ್ ಚೆಂಡಿನ ಬದಲು ಮೂರು ಹಳೇ ಸಾಕ್ಸ್ ಒಂದರೊಳಗೊಂದು ತುರುಕಿ ಹೊಲಿದ ಚೆಂಡು. ಹತ್ತು, ಹನ್ನೆರಡು ಅಡಿ ದೂರದಿಂದ ಎಸೆತ, ಒಬ್ಬರಿಗೆ ಮೂರು ಸಲ. ಒಂದು ತಂಡ ಕಲ್ಲು ಬೀಳಿಸಿ ಮತ್ತೆ ಜೋಡಿಸುವಷ್ಟರಲ್ಲಿ ಇನ್ನೊಂದು ತಂಡ ಚೆಂಡಿನಿಂದ ಹೊಡೆಯಬೇಕು. ಸೊಂಟದಿಂದ ಕೆಳಗೆ ಮಾತ್ರ ಅಂತ ಮೊದಲೇ ಮಾಡಿಕೊಳ್ಳಿ. ಗುರಿ ಇರುವವಳು ಎಸೆಯುತ್ತಾಳೆ, ಕಾಲು ಚುರುಕಿರುವವನು ಚೆಂಡನ್ನು ತನ್ನ ಕಡೆ ಸೆಳೆದು ಓಡುತ್ತಾನೆ, ಕೈ ನಿಧಾನವಾಗಿ ನೆಟ್ಟಗಿರುವ ಮಗು ಕಲ್ಲು ಜೋಡಿಸುತ್ತದೆ. ಓಡಲು ಬಾರದ ಮಗುವೂ ಇಡೀ ತಂಡವನ್ನು ಗೆಲ್ಲಿಸಬಹುದಾದ ಆಟಗಳು ಹೆಚ್ಚಿಲ್ಲ. ಮನೆಯಲ್ಲಿ ಏಳು ಕಲ್ಲನ್ನು ಹದಿನೈದು ಸೆಕೆಂಡಿನಲ್ಲಿ ಜೋಡಿಸುವವರೆಗೆ ಅಭ್ಯಾಸ ಮಾಡಿಸಿ ಕಳಿಸಿ. ‘ಅವಳು ಬೇಗ ಜೋಡಿಸ್ತಾಳೆ, ನಮ್ಮ ಕಡೆಗೆ’ ಅನ್ನುವ ಕೂಗು ಹುಟ್ಟುವುದು ಹೀಗೆ.

ಔಟಾದವರು ಹೊರಗೆ ಕೂರುವ ಆಟಗಳಲ್ಲಿ ಎಲ್ಲಕ್ಕಿಂತ ಕಡಿಮೆ ಆಡಲು ಸಿಗುವುದು ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾದ ಮಗುವಿಗೆ. ಕೆರೆ-ದಡದಲ್ಲಿ ಮೊದಲು ಔಟಾದವರು ‘ಕೆರೆ’, ‘ದಡ’ ಅಂತ ಕೂಗುವವರಾಗಲಿ, ಇನ್ನೊಬ್ಬರು ಔಟಾದ ಕೂಡಲೇ ಒಳಗೆ ಬರಲಿ. ಇಷ್ಟು ಬದಲಿಸಿದರೆ ಸಾಕು.

ನಮ್ಮ ಮಕ್ಕಳ ಆಟದಲ್ಲಿ ಮೊದಲಿನಿಂದಲೂ ಒಂದು ಉಪಾಯವಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕ ತಮ್ಮ ಬಂದು ಗೋಗರೆದರೆ ಅವನನ್ನೂ ಓಡಲು ಬಿಡುತ್ತಾರೆ, ಔಟಾದರೆ ಎಣಿಸುವುದಿಲ್ಲ. ಒಳಗೆ ಬರಲು ಇದು ಒಳ್ಳೆಯ ಬಾಗಿಲೇ, ಒಂದು ವಾರದ ಮಟ್ಟಿಗೆ. ನಿಯಮ ತಿಳಿಯುತ್ತದೆ, ಹೆದರಿಕೆ ಹೋಗುತ್ತದೆ. ಆಮೇಲೂ ಮುಂದುವರಿದರೆ ಅದು ಅವಮಾನ. ಹತ್ತು ವರ್ಷದ ಹುಡುಗನನ್ನು ಚಿಕ್ಕಮಗುವಿನ ಲೆಕ್ಕದಲ್ಲಿ ಇಟ್ಟಂತೆ. ಎರಡನೇ ವಾರ ಶಿಕ್ಷಕರೋ ಅಣ್ಣನೋ ‘ಈಗ ಅವನಿಗೂ ಔಟ್ ಉಂಟು’ ಅಂತ ಎಲ್ಲರೆದುರು ಹೇಳಿಸಬೇಕು. ಔಟಾಗುವ ಹಕ್ಕು ಸಿಕ್ಕ ದಿನವೇ ಮಗು ನಿಜವಾಗಿ ಆಟದೊಳಗೆ ಬಂದಂತೆ.

ಟೀಚರ್ ಕೈಯಲ್ಲಿರುವುದು

ಐದು ದಿನ, ದಿನಕ್ಕೆ ಮೂರು ಸಲ ನೋಡಿ: ಬೆಲ್ ಹೊಡೆದ ಎರಡನೇ ನಿಮಿಷದಲ್ಲಿ, ನಡುವೆ, ಮತ್ತೆ ಒಳಗೆ ಹೋಗುವ ಎರಡು ನಿಮಿಷ ಮೊದಲು. ಹಾಜರಿ ಪಟ್ಟಿಯ ಒಂದು ಪ್ರತಿಯಲ್ಲಿ ಒಬ್ಬರೇ ಇದ್ದ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕಿ. ಹದಿನೈದರಲ್ಲಿ ಹತ್ತು ಚುಕ್ಕಿ ಬಿದ್ದ ಮಗು ಯಾರು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ತರಗತಿಯಲ್ಲಿ ಚುರುಕಾಗಿ ಕೈ ಎತ್ತುವ ಮಗುವೂ ಅದರಲ್ಲಿರಬಹುದು. ಸ್ಟಾಫ್ ರೂಮಿನ ನೆರಳಲ್ಲಿ ನಿಂತರೆ ಇದು ಕಾಣುವುದಿಲ್ಲ. ಮೊದಲ ಐದು ನಿಮಿಷ ನಡೆದಾಡಿ, ನಲ್ಲಿ, ಮೆಟ್ಟಿಲ ಕೆಳಗೆ, ಟಾಯ್ಲೆಟ್ಟಿನ ಹಿಂದೆ.

ತಂಡ ಆರಿಸಲು ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆಯಿಸುವ ಪದ್ಧತಿಯನ್ನು ಇವತ್ತೇ ಬಿಡಿ. ಕೊನೆಗೆ ಉಳಿಯುವ ಮಗುವಿಗೆ ಅದು ದಿನಾ ಎಲ್ಲರೆದುರು ಕೊಡುವ ಶಿಕ್ಷೆ. ರೋಲ್ ನಂಬರಿನ ಸಮ-ಬೆಸ, ಹುಟ್ಟಿದ ತಿಂಗಳು, ಎಲ್ಲರೂ ಒಟ್ಟಿಗೆ ಅಂಗೈ ಮೇಲೆ-ಕೆಳಗೆ ಮಾಡುವುದು, ಯಾವುದಾದರೂ ಸರಿ, ಅರ್ಧ ನಿಮಿಷದಲ್ಲಿ ತಂಡವಾಗುತ್ತದೆ.

‘ಇವನನ್ನು ಸೇರಿಸ್ಕೊಳ್ರೋ’ ಅಂತ ಹುಕುಂ ಮಾಡಬೇಡಿ. ನೀವು ತಿರುಗಿದ ಕೂಡಲೇ ಅವನಿಗೆ ಚೆಂಡು ಬರುವುದು ನಿಲ್ಲುತ್ತದೆ. ನೀವೇ ಎರಡು ನಿಮಿಷ ಆಟಕ್ಕಿಳಿಯಿರಿ, ಮಗುವನ್ನು ಜೊತೆಗೆ ಒಯ್ಯಿರಿ, ಆಟ ಕಾವೇರಿದ ಮೇಲೆ ನೀವು ಮಾತ್ರ ಹೊರಬನ್ನಿ. ಗೆಳೆತನಕ್ಕೆ ಕ್ಲಾಸ್ ಲೀಡರನ್ನು ಜೊತೆ ಹಾಕುವುದೂ ತಪ್ಪು. ಅವಳು ಕರ್ತವ್ಯ ಅಂತ ಮೂರು ದಿನ ಮಾಡುತ್ತಾಳೆ. ಅದೇ ವ್ಯಾನಿನಲ್ಲಿ ಬರುವ, ಅದೇ ಹುಚ್ಚು ಇರುವ ಮಗುವನ್ನು ಹುಡುಕಿ. ಡೈನೋಸಾರ್ ಆಗಲಿ, ಚಿತ್ರ ಬಿಡಿಸುವುದಾಗಲಿ. ಇಬ್ಬರಿಗೂ ಒಂದು ಕೆಲಸ ಕೊಡಿ: ವಾರಕ್ಕೆ ಎರಡು ದಿನ ಗಿಡಗಳಿಗೆ ನೀರು, ಆಟದ ಸಾಮಾನು ಎಣಿಸಿ ತರುವುದು. ಕೆಲಸ ಐದು ನಿಮಿಷದಲ್ಲಿ ಮುಗಿಯಲಿ, ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಹೋಗಲಿ. ಪೂರ್ತಿ ಬಿಡುವನ್ನು ಲೈಬ್ರರಿಯಲ್ಲಿ ಕಳೆಯುವ ಕೆಲಸ ಕೊಟ್ಟರೆ ಮಗುವನ್ನು ಬಚ್ಚಿಟ್ಟಂತೆ ಆಗುತ್ತದೆ.

ಹೊರದೇಶದ ಶಾಲೆಗಳಲ್ಲಿರುವ ‘ಗೆಳೆಯರ ಬೆಂಚು’ ನಮ್ಮಲ್ಲೂ ಕೆಲವೆಡೆ ಬಂದಿದೆ. ಒಂಟಿ ಅನಿಸಿದವರು ಅಲ್ಲಿ ಕೂತರೆ ಬೇರೆಯವರು ಬಂದು ಕರೆಯಬೇಕು. ಬಣ್ಣ ಬಳಿದು ಬಿಟ್ಟರೆ ಅದು ಅವಮಾನದ ಬೆಂಚಾಗುತ್ತದೆ. ಅದು ನಡೆಯಬೇಕಾದರೆ ಮೊದಲ ವಾರ ಎಲ್ಲ ಮಕ್ಕಳೂ ಸರದಿಯ ಮೇಲೆ ಅಲ್ಲಿ ಕೂತು ಕರೆಸಿಕೊಳ್ಳಬೇಕು, ದಿನಾ ಇಬ್ಬರು ದೊಡ್ಡ ತರಗತಿಯ ಮಕ್ಕಳಿಗೆ ಕರೆಯುವ ಹೊಣೆ ಇರಬೇಕು, ಬೆಂಚು ಮೈದಾನದ ಮೂಲೆಯಲ್ಲಲ್ಲ, ಆಟದ ಹತ್ತಿರವೇ ಇರಬೇಕು.

ಸೆಪ್ಟೆಂಬರ್, ಅಕ್ಟೋಬರಿನ ಮಳೆ ದಿನಗಳಿಗೆ ಬೇರೆ ಸಿದ್ಧತೆ ಬೇಕು. ಒಳಗೇ ಉಳಿದಾಗ ಗುಂಪುಗಳು ಇನ್ನೂ ಬಿಗಿಯಾಗುತ್ತವೆ. ಎರಡು ಚೌಕಾಬಾರ, ಒಂದು ಅಳಗುಳಿಮಣೆ, ಕಲ್ಲಾಟಕ್ಕೆ ಐದೈದು ಕಲ್ಲಿನ ಎರಡು ಚೀಲ ಕಪಾಟಿನಲ್ಲಿರಲಿ. ಯಾರು ಯಾವ ಆಟಕ್ಕೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ.

ಡಬ್ಬಿ, ಭಾಷೆ, ಜಾತಿ

ಬೆಂಗಳೂರಿನ ಒಂದು ತರಗತಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಐದೂ ಮನೆಮಾತುಗಳು ಇರಬಹುದು. ಹೊಸದಾಗಿ ಬಂದ ಮಗುವಿಗೆ ಪಾಠದ ಭಾಷೆಗಿಂತ ಮೊದಲು ಮೈದಾನದ ಭಾಷೆ ಬೇಕು: ಬಾ, ಹಿಡಿ, ಓಡು, ನನ್ ಸರದಿ, ಇನ್ನೊಂದ್ಸಲ, ಔಟಾಗಿಲ್ಲ, ಟೈಮ್ ಪ್ಲೀಸ್. ಇಂಥ ಹತ್ತು ಮಾತು ಒಂದು ವಾರದಲ್ಲಿ ಬರುತ್ತದೆ. ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳ ಮಾತನ್ನು ಉಳಿದವರು ಅಣಕಿಸುವುದುಂಟು. ಅದೂ ಕನ್ನಡವೇ ಎಂದು ಒಂದು ಪಿರಿಯಡ್ ಆ ಊರಿನ ಮಾತು, ಆಟ, ಒಗಟುಗಳಿಗೆ ಕೊಡಿ, ಆ ಮಗುವೇ ಕಲಿಸಲಿ.

ಊಟದ ದುಂಡುಸಾಲು ಇನ್ನೂ ಸೂಕ್ಷ್ಮ. ‘ಮೊಟ್ಟೆ ತಂದಿದಾನೆ, ಆ ಕಡೆ ಕೂರು’ ಅನ್ನುವಲ್ಲಿ ಶುರುವಾದದ್ದು ಮೈದಾನದಲ್ಲೂ ಮುಂದುವರಿಯುತ್ತದೆ. ಬಿಸಿಯೂಟದಲ್ಲಿ ಮೊಟ್ಟೆಯವರಿಗೊಂದು ಸಾಲು, ಬಾಳೆಹಣ್ಣಿನವರಿಗೊಂದು ಸಾಲು ಮಾಡದೆ, ಕೂತಲ್ಲೇ ತಟ್ಟೆಗೆ ಬಡಿಸಿದರೆ ಈ ಗೆರೆ ಬೀಳುವುದಿಲ್ಲ. ಸರದಿ ಸಾಲಿನ ಕ್ರಮವನ್ನೂ ದಿನಾ ಬದಲಿಸಿ, ಯಾವಾಗಲೂ ಕೊನೆಗೆ ನಿಲ್ಲುವ ಮಗು ಮೈದಾನಕ್ಕೂ ಕೊನೆಗೇ ತಲುಪುತ್ತದೆ. ದೊಡ್ಡವರು ಕಣ್ಣು ಮುಚ್ಚಿಕೊಳ್ಳುವ ವಿಷಯ ಇದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 8 ಮತ್ತು 9ನೇ ಸೆಕ್ಷನ್‌ಗಳು ದುರ್ಬಲ, ಅವಕಾಶವಂಚಿತ ವರ್ಗದ ಮಕ್ಕಳಿಗೆ ತಾರತಮ್ಯವಾಗದಂತೆ ನೋಡಿಕೊಳ್ಳಬೇಕೆನ್ನುತ್ತವೆ, 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಅಂಗವಿಕಲ ಮಕ್ಕಳಿಗೆ ಆಟೋಟದಲ್ಲಿ ಸಮಾನ ಅವಕಾಶ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ‘ಬಿದ್ದರೆ ಕಷ್ಟ’ ಅಂತ ವೀಲ್‌ಚೇರ್ ಮಗುವನ್ನು ತರಗತಿಯಲ್ಲೇ ಕೂರಿಸುವುದು ಕಾಳಜಿಯಲ್ಲ.

ಮನೆ ಕಡೆಯಿಂದ

ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ಇನ್ನೊಂದು ಮಗುವಿನ ಅಮ್ಮನಿಗೆ ಸಿಟ್ಟಿನಲ್ಲಿ ಫೋನ್ ಮಾಡಬೇಡಿ. ದೊಡ್ಡವರು ಟೂ ಬಿಟ್ಟರೆ ಮಕ್ಕಳು ಸೇ ಆಗಲು ದಾರಿಯೇ ಇರುವುದಿಲ್ಲ. ಕ್ಲಾಸ್ ಟೀಚರನ್ನು ಡೈರಿಯಲ್ಲಿ ಸಮಯ ಕೇಳಿ ಭೇಟಿ ಮಾಡಿ. ‘ನನ್ ಮಗೂನ ಎಲ್ರೂ ದೂರ ಇಡ್ತಾರೆ’ ಅನ್ನುವುದರ ಬದಲು ‘ಮೇಡಂ, ಎರಡು ವಾರದಿಂದ ಊಟದ ಬಿಡುವಿನಲ್ಲಿ ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂರ್ತಾಳಂತೆ. ಐದು ದಿನ ಸ್ವಲ್ಪ ಗಮನಿಸ್ತೀರಾ? ಮುಂದಿನ ಬುಧವಾರ ಬಂದು ಕೇಳ್ತೀನಿ’ ಅನ್ನಿ. ಜಾಗ, ಅವಧಿ, ಮಾಡಬೇಕಾದ ಕೆಲಸ, ಮತ್ತೆ ಬರುವ ದಿನ ನಾಲ್ಕೂ ಇದ್ದರೆ ಮಾತು ಗಾಳಿಗೆ ಹೋಗುವುದಿಲ್ಲ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಎತ್ತಬಹುದು.

ಶನಿವಾರ ಸಂಜೆ ಒಂದೇ ಒಂದು ಮಗುವನ್ನು ಮನೆಗೋ ಬಡಾವಣೆಯ ಪಾರ್ಕಿಗೋ ಕರೆಯಿರಿ. ಇಬ್ಬರನ್ನು ಕರೆದರೆ ಮೂವರಾಗುತ್ತಾರೆ, ಮೂವರಲ್ಲಿ ಒಬ್ಬರು ಹೊರಗೆ. ಒಂದೂವರೆ ಗಂಟೆ ಸಾಕು. ಕೈಗೆ ಕೆಲಸವಿರಲಿ: ಗಾಳಿಪಟ, ನಿಂಬೆ ಶರಬತ್ತು, ಚುರುಮುರಿ ಕಲಸುವುದು. ಟಿವಿ, ಫೋನ್ ಬೇಡ, ಅಕ್ಕಪಕ್ಕ ಕೂತು ಪರದೆ ನೋಡಿದರೆ ಪರಿಚಯ ಬೆಳೆಯುವುದಿಲ್ಲ. ಜಗಳವಾಗುವ ಮೊದಲೇ, ಇನ್ನೂ ಆಡಬೇಕು ಅನಿಸುವಾಗಲೇ ಮುಗಿಸಿ. ಇಂಥ ಮೂರ್ನಾಲ್ಕು ಶನಿವಾರಗಳಾದ ಮೇಲೆ ಸೋಮವಾರದ ಬಿಡುವಿನಲ್ಲಿ ಅದರ ಫಲ ನೋಡಿ.

ಕೈ ಮೀರಿದರೆ

ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸ್ಸು, ಸಂಜೆಯವರೆಗೂ ಮೂತ್ರ ಕಟ್ಟಿಕೊಂಡು ಬರುವುದು, ಪೆನ್ಸಿಲ್ ಬಾಕ್ಸ್ ಪದೇಪದೇ ಕಳೆಯುವುದು. ಇವು ಕಂಡರೆ ಅದು ಬರೀ ಒಂಟಿತನವಲ್ಲದಿರಬಹುದು, ಯಾರೋ ಕಾಡುತ್ತಿರಬಹುದು. ಇಲ್ಲಿ ಮಗುವಿಗೆ ಸೇರುವ ಹೆಜ್ಜೆ ಕಲಿಸುತ್ತಾ ಕೂರಬೇಡಿ, ಮುಖ್ಯಶಿಕ್ಷಕರಿಗೆ ತಾರೀಖು ಹಾಕಿ ಬರೆದುಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಮೇಲೆ ಹೇಳಿದ್ದನ್ನೆಲ್ಲ ಆರು ವಾರ ಮಾಡಿಯೂ ಏನೂ ಬದಲಾಗದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಗದ್ದಲದಲ್ಲಿ ಕರೆದದ್ದು ಕೇಳಿಸದ ಮಗುವನ್ನು ‘ಜಂಬ’ ಅಂತ ಬಿಟ್ಟುಬಿಡುತ್ತಾರೆ, ಚೆಂಡು ಮಬ್ಬಾಗಿ ಕಾಣುವ ಮಗುವನ್ನು ‘ದಡ್ಡ’ ಅಂತ. ಆಮೇಲೆ ಮಕ್ಕಳ ಮನೋವೈದ್ಯರು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಮಗು ‘ನಾನು ಇರಲೇಬಾರದು’ ಅನ್ನುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಕಿರುಕುಳ, ಹಿಂಸೆಯಾದರೆ ಮಕ್ಕಳ ಸಹಾಯವಾಣಿ 1098.

ಎಲ್ಲ ಸರಿಹೋಯಿತು ಅಂದುಕೊಂಡಾಗ ದಸರಾ ರಜೆ ಬರುತ್ತದೆ. ಎರಡು, ಮೂರು ವಾರ ಬಿಟ್ಟು ಹೋದರೆ ಗುಂಪುಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ, ಹೊಸದಾಗಿ ಸೇರಿದ ಮಗು ಮತ್ತೆ ಅಂಚಿಗೆ ಬೀಳುತ್ತದೆ. ಸೆಕ್ಷನ್ ಬದಲಾಗುವ ಜೂನ್ ತಿಂಗಳೂ ಹಾಗೆಯೇ. ರಜೆಯ ಕೊನೆಯ ಭಾನುವಾರ ಆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಒಂದೂವರೆ ಗಂಟೆ ಮನೆಗೆ ಕರೆಸಿ, ಸೋಮವಾರ ಇಬ್ಬರೂ ಊಟಕ್ಕೆ ಎಲ್ಲಿ ಕೂರುವುದು, ಯಾವ ಆಟ ಆಡುವುದು ಅಂತ ಅವರವರೇ ಮಾತಾಡಿಕೊಳ್ಳಲಿ. ಲಗೋರಿ ಕಲ್ಲುಗಳನ್ನು ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿಡಿ.